ನೇರ ಮಾಡಿದ ಗೆರೆ

೯-೩-೧೯೯೮, ಸೋಮವಾರ

ಆಸ್ಪತ್ರೆಯಲ್ಲಿ ಎಂಟನೆಯ ಕರೆಂಟ್, ಅಂದರೆ ಕಿರಣ ಚಿಕಿತ್ಸೆ, ಆಯಿತು. ಕೆ.ಆರ್. ಪುರದಿಂದ ಏಳೂವರೆಯ ಬಸ್. ಟಿನ್ ಫ್ಯಾಕ್ಟರಿ ಹತ್ತಿರ ಅರ್ಧ ಗಂಟೆ ಅಲುಗಲಿಲ್ಲ. ವಿಮಲಾ ಕತ್ತಿಗೆ ಸೆರಗು ಸುತ್ತಿಕೊಂಡೇ ಕೂತಿದ್ದಳು. ಬಲಗೆನ್ನೆಯಿಂದ ಕತ್ತಿನ ತನಕ ಕೆಂಪು ಇಂಕಿನ ಗೆರೆಗಳು, ಜನ ನೋಡುತ್ತಾರೆಂದು ಸಂಕೋಚ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಇವಳ ಹೊಗೆಸೊಪ್ಪು ಬಿಡಿಸುವುದು ನನ್ನಿಂದಾಗಲಿಲ್ಲ. ಈಗ ಕೆನ್ನೆಯೊಳಗೆ ಗಡ್ಡೆ.

ಒಟ್ಟು ಮೂವತ್ಮೂರು ದಿನ, ಶನಿವಾರ ಭಾನುವಾರ ರಜೆ. ಕಿರಣ ಬೀಳುವುದು ಗೆರೆಯೊಳಗೆ ಮಾತ್ರ. ಡಾಕ್ಟರ್ ಸಾಬಿರಾ ಮೊದಲ ದಿನವೇ ಹೇಳಿಬಿಟ್ಟಿದ್ದಾರೆ: “ಗೆರೆ ಅಳಿಸ್ಬಾರ್ದು. ಮಧ್ಯೆ ಒಂದು ದಿನಾನೂ ತಪ್ಪಿಸ್ಬಾರ್ದು.”

ಗೆರೆಯೋ... ದೇವರಿಗೇ ಪ್ರೀತಿ. ಇಪ್ಪತ್ತಾರು ವರ್ಷ ಫ್ಯಾಕ್ಟರಿಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿದ್ದೇನೆ. ಇಂಥ ಗೆರೆ ಎಳೆದವನನ್ನು ಸ್ಟೂಲ್ ಸಮೇತ ಆಚೆ ಕಳಿಸುತ್ತಿದ್ದೆವು.

೧೪-೩, ಶನಿವಾರ

ಬೆಳಗ್ಗೆ ಬಚ್ಚಲಿನಿಂದ ಬಂದಳು — ತಲೆಯಿಂದ ನೀರು ಇಳಿಯುತ್ತಿದೆ. ಕತ್ತು ಖಾಲಿ. ಅಲ್ಲಲ್ಲಿ ಗುಲಾಬಿ ಕಲೆ, ಅಷ್ಟೇ.

“ಇದೇನು ಮಾಡ್ಕೊಂಡೆ ವಿಮಲಾ?”

“ಎಷ್ಟು ದಿನಾಂತ ಮೈಗಷ್ಟೇ ನೀರು ಹಾಕ್ಕೊಳ್ಳಲಿ ರೀ. ತಲೆಗೆ ಸ್ನಾನ ಮಾಡ್ದೆ ಲಿಂಗ ಕೈಗೆ ತಗೊಳ್ಳೋಕೆ ಮನಸ್ಸೇ ಒಪ್ಪಲ್ಲ.”

ಬೈದೆ. ಅತ್ತಳು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅಳುತ್ತಲೇ ಪೂಜೆ ಮುಗಿಸಿದಳು.

ಗೆರೆ ಹೊಸದಾಗಿ ಹಾಕುವುದು ಶುಕ್ರವಾರ ಮಾತ್ರ. ಇನ್ನು ಆರು ದಿನ ಕಾಯಬೇಕು. ಒಂದು ದಿನವೂ ತಪ್ಪಿಸಬಾರದು ಎಂದವರು ಅವರೇ.

ಮಧ್ಯಾಹ್ನ ಮೂರಕ್ಕೆ ಕಿಟಕಿ ಬಳಿ ಕೂರಿಸಿದೆ. ಸ್ಕೇಲ್, ಕೆಂಪು ಪೆನ್. ಕಲೆಗಳನ್ನು ಜೋಡಿಸುತ್ತಾ ಹೋದೆ. ಕೆಳಗಿನ ಗೆರೆ ಒಂದು ಕಡೆ ಬೆರಳಗಲ ಕೆಳಗಿಳಿದು ಮತ್ತೆ ಮೇಲೆ ಬಂದಿತ್ತು. ಹಾಕುವಾಗ ಕೈ ನಡುಗಿರಬೇಕು. ನೇರ ಮಾಡಿದೆ. ನೋಡಲು ಚೊಕ್ಕವಾಯಿತು.

೧೬-೩, ಸೋಮವಾರ

ಹದಿಮೂರನೆಯದು. ಮೆಷಿನ್ ನಡೆಸುವ ವಾಜಿದ್‌ಗೆ ಸ್ವಲ್ಪವೂ ಅನುಮಾನ ಬರಲಿಲ್ಲ. “ಗೆರೆ ಚೆನ್ನಾಗಿ ಇಟ್ಕೊಂಡಿದೀರ ಅಮ್ಮ. ಎಲ್ರೂ ಹಿಂಗಿದ್ರೆ ನಮ್ಗೆ ಕೆಲ್ಸ ಎಷ್ಟು ಸಲೀಸು” ಎಂದ. ಅದರ ಮೇಲೆಯೇ ತನ್ನ ಪೆನ್ನಿನಿಂದ ಇನ್ನೊಮ್ಮೆ ತೀಡಿದ. ಇನ್ನು ದಿನವೂ ತೀಡುತ್ತಾನಂತೆ. ನಿರಾಳವಾಯಿತು. ಶಿವಾಜಿನಗರದ ಸ್ಟ್ಯಾಂಡಿನಲ್ಲಿ ಅವಳಿಗೆ ಎಳನೀರು ಕುಡಿಸಿದೆ.

೧೫-೪, ಬುಧವಾರ

ಮೂವತ್ಮೂರು ಮುಗಿಯಿತು. ಕತ್ತು ಸುಟ್ಟು ಕಪ್ಪಾಗಿದೆ, ಬಾಯಿ ತುಂಬ ಹುಣ್ಣು. ಗಂಜಿ ಬಿಟ್ಟರೆ ಬೇರೇನೂ ಇಳಿಯದು. ಆದರೆ ಕೆನ್ನೆಯ ಗಡ್ಡೆ ಕೈಗೆ ಸಿಗುವುದಿಲ್ಲ. ಡಾಕ್ಟರು ನಕ್ಕರು. ಇವಳೂ ನಕ್ಕಳು, ನೋವಾಯಿತು, ನಿಲ್ಲಿಸಿದಳು.

೨೧-೭, ಮಂಗಳವಾರ

ಮೂರು ತಿಂಗಳು ಇಲ್ಲಿ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ, ಚೆನ್ನಾಗಿದ್ದೆವು.

ಇವತ್ತು ಜಡೆ ಹಾಕಿಕೊಳ್ಳುತ್ತಾ ಕರೆದಳು. “ಇಲ್ಲಿ ಮುಟ್ಟಿ ನೋಡಿ.” ಕತ್ತಿನ ಕೆಳಗೆ, ಕಪ್ಪು ಚರ್ಮ ಮುಗಿಯುವಲ್ಲಿ, ಹುಣಿಸೆ ಬೀಜದಷ್ಟು ಗಂಟು. ಸುಟ್ಟ ಜಾಗದ ಅಂಚು ನೇರವಾಗಿದೆ. ಗಂಟು ಅದರಿಂದ ಬೆರಳಗಲ ಆಚೆ.

ನನಗೆ ಕೂಡಲೇ ಗೊತ್ತಾಯಿತು.

೨೪-೭, ಶುಕ್ರವಾರ

ವಿಮಲಾಳನ್ನು ಸ್ಕ್ಯಾನಿಗೆ ಕಳಿಸಿ ಡಾಕ್ಟರ ಎದುರು ಕೂತೆ. ಗೆರೆ ನಾನೇ ಎಳೆದೆ ಎಂದೆ. ಅವರು ಫೈಲ್ ತೆಗೆದು ಮೊದಲ ದಿನದ ನಕ್ಷೆ ತೋರಿಸಿದರು. ಕೆಳಗಿನ ಗೆರೆ ಇಳಿದು ಹತ್ತಿದೆ, ಪಕ್ಕದಲ್ಲಿ ಬಾಣದ ಗುರುತು. ಅಲ್ಲೊಂದು ಸಣ್ಣ ಗಂಟಿನ ಅನುಮಾನವಿತ್ತಂತೆ, ಅದನ್ನು ಒಳಗೆ ಸೇರಿಸಲು ಬೇಕೆಂದೇ ಇಳಿಸಿದ್ದರಂತೆ. ಕೈ ನಡುಗಿರಲಿಲ್ಲ. ನಕ್ಷೆ ಓದಿಯೇ ಅನ್ನ ತಿಂದವನು ನಾನು.

“ಇದ್ರಿಂದಾನೇ ಆಯ್ತಾ ಮೇಡಂ?”

ನಕ್ಷೆಯನ್ನು ಮತ್ತೆ ಫೈಲಿಗೆ ಸೇರಿಸಿದರು. “ಇರ್ಬಹುದು. ಇಲ್ದೇನೂ ಇರ್ಬಹುದು. ಕರೆಂಟ್ ಗಡ್ಡೇನ ಕರಗಿಸತ್ತೆ, ಆದ್ರೆ ಸುತ್ತಲಿನ ಮಾಂಸ ಸುಮ್ನಿರಲ್ಲ ನೋಡಿ. ಅದಕ್ಕೆ ಸುಟ್ಟ ಗಾಯ. ಮಾಯಿಸೋಕೆ ಏನೇನೋ ಮಾಡತ್ತೆ, ಹೊಸ ರಕ್ತನಾಳ ಬೆಳೆಸತ್ತೆ. ಸಾಯ್ದೆ ಉಳಿದ ಕಣ ಇದ್ರೆ ಅದಕ್ಕೂ ಅದೇ ಅನುಕೂಲ ಆಗಿ, ಬೇರೆ ಕಡೆ ಹೊರಡಬಹುದು ಅಂತ ಕೆಲವರು ಬರೀತಿದಾರೆ. ನಿಮ್ಮ ಗೆರೆನೋ, ನಮ್ಮ ಕರೆಂಟೋ... ನಂಗೆ ಹೇಳೋಕಾಗಲ್ಲ.”

ಆಮೇಲೆ ಮೆಲ್ಲಗೆ, “ಅಮ್ಮನಿಗೆ ಹೇಳೋಕೆ ಹೋಗ್ಬೇಡಿ. ಹೇಳಿ ಏನೂ ಪ್ರಯೋಜನ ಇಲ್ಲ.”

ಸ್ಕ್ಯಾನ್ ಬಂತು. ಎದೆಯೊಳಗೂ ಇದೆ. ಇನ್ನು ಮಾಡುವುದೇನೂ ಇಲ್ಲ, ನೋವಿಗೆ ಮಾತ್ರೆ ಅಷ್ಟೇ. ಹಲಸೂರು ದಾಟುವಾಗ ಅವಳು ಬಸ್ಸಿನ ಕಿಟಕಿಗೆ ತಲೆ ಇಟ್ಟು ಮಲಗಿದ್ದಳು. ಹೇಳದಿರಲು ಡಾಕ್ಟರೇ ಅಪ್ಪಣೆ ಕೊಟ್ಟರಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ನಾಚಿಕೆಗೇಡು.

೨-೮, ಭಾನುವಾರ

ನಾಲ್ಕು ದಿನದಿಂದ ಪೂಜೆ ಇಲ್ಲ. ಜ್ವರ ಬಂದಾಗಲೂ, ಹೆರಿಗೆಯಾಗಿ ಮಲಗಿದ್ದಾಗಲೂ ಬಿಟ್ಟವಳಲ್ಲ. ಕೈಲಾಗುವುದಿಲ್ಲವೇನೋ ಅಂದುಕೊಂಡಿದ್ದೆ. ಕೇಳಿದೆ.

“ಅವತ್ತು ನಾನು ಗೆರೆ ತೊಳ್ಕೊಂಡೆನಲ್ಲ ರೀ. ಅದ್ಕೇ ಇದು. ನೀವು ಅಷ್ಟು ಕಷ್ಟಪಟ್ಟು ಮತ್ತೆ ಎಳ್ದು ಕೊಟ್ರಿ, ಅಷ್ಟರೊಳಗೆ ಕೆಟ್ಟಿತ್ತು ಅನ್ಸತ್ತೆ. ಪೂಜೆ ನೆಪ ಮಾಡ್ಕೊಂಡು ನಾನೇ ತಂದ್ಕೊಂಡಿದ್ದು. ಯಾವ ಮುಖ ಇಟ್ಕೊಂಡು ಲಿಂಗ ಮುಟ್ಲಿ?”

ಹೇಳಬೇಕಿತ್ತು. “ಹಾಗೆಲ್ಲ ಅಂದ್ಕೋಬೇಡ” ಎಂದೆ. ಎದ್ದು ಹಾಲು ಕಾಯಿಸಲು ಹೋದೆ.

೧೬-೮, ಭಾನುವಾರ, ಬೆಳಗ್ಗೆ ಏಳು

ರಾತ್ರಿಯಿಂದ ನೀರೂ ಇಳಿಯುತ್ತಿಲ್ಲ. ಮಾತು ಉಳಿದಿದೆ, ಸಣ್ಣಗೆ. ಎಷ್ಟು ದಿನವೋ.

ಹೇಳಿದರೆ ಅವಳು ಲಿಂಗ ಕೈಗೆ ತೆಗೆದುಕೊಳ್ಳುತ್ತಾಳೆ. ನನ್ನ ಮುಖ ನೋಡುತ್ತಾಳೋ ಇಲ್ಲವೋ ತಿಳಿಯದು. ಅಷ್ಟಕ್ಕೇ ಹದಿನೈದು ದಿನದಿಂದ ಬಾಯಿ ಮುಚ್ಚಿಕೊಂಡಿದ್ದೇನೆ. ಹೇಡಿ ನಾನು. ಇವತ್ತು ಹೇಳುವುದೇ.

ಈಗ ಕರೆದಳು. ಹೋದೆ. ಕೊರಳಿನಿಂದ ಲಿಂಗದ ಕರಡಿಗೆ ಬಿಚ್ಚಿ ನನ್ನ ಕೈಯಲ್ಲಿಟ್ಟಳು. “ನನ್ನ ಲಿಂಗಕ್ಕೂ ನೀವೇ ನೀರು ಹಾಕ್ಬಿಡಿ. ನನ್ನ ಕೈ ಸರಿ ಇಲ್ಲ, ನಿಮ್ಮ ಕೈ ಶುದ್ಧ.”

ತೆಗೆದುಕೊಂಡು ಬಂದು ಇಲ್ಲಿ ಕೂತಿದ್ದೇನೆ. ಎಡಗೈಯಲ್ಲಿ ಕರಡಿಗೆ ಇದೆ. ವಾಪಸು ಹೋಗಿ ಅವಳ ಕೈಯಲ್ಲೇ ಇಡಬೇಕು. ಇಡುವ ಮೊದಲು