ಒಂಬತ್ತನೇ ಪುಟ

ಹೃದಯದ ವಾರ್ಡಿನ ಸಿಸ್ಟರ್ ಅವರಿಗೆ,

ನಮಸ್ಕಾರ. ಆರನೇ ಹಾಸಿಗೆಯಲ್ಲಿದ್ದ ಪುಸ್ತಕದ ಬೈಂಡರ್ ತೀರಿಹೋಗಿ ಹದಿನೇಳು ದಿನವಾಯಿತು. ಮನೆಗೆ ಕಳಿಸುವಾಗ ನೀವು ಕೊಟ್ಟ, ಹೃದಯದ ಆರೈಕೆಯ ಪುಸ್ತಕವನ್ನು ವಾಪಸ್ ಕಳಿಸುತ್ತಿದ್ದೇನೆ. “ಇಷ್ಟು ಒಳ್ಳೇ ಪುಸ್ತಕಕ್ಕೆ ಬರೀ ಪಿನ್ ಹೊಡೆದಿದ್ದಾರಲ್ಲೇ” ಅಂತ ನಮ್ಮವರು ಬೈದುಕೊಂಡು, ದಾರದಲ್ಲಿ ಹೊಲಿದು, ರಟ್ಟು ಹಾಕಿ ಕಪಾಟಿನಲ್ಲಿಟ್ಟರು. ಓದುವುದು ಇಬ್ಬರಿಗೂ ಉಳಿದೇ ಹೋಯಿತು.

ಎದೆನೋವು ಬಂದರೆ ಮಾತ್ರೆಯನ್ನು ನಾಲಿಗೆಯ ಕೆಳಗಿಡಬೇಕು, ನುಂಗಬಾರದು ಎಂದು ಒಂಬತ್ತನೇ ಪುಟದಲ್ಲಿದೆ. ಅವರು ನುಂಗಿದರು. ನೀರು ಕೊಟ್ಟವಳು ನಾನೇ.

ಮುಂದಿನವರಿಗೆ ಪುಸ್ತಕ ಕೊಟ್ಟು ಸುಮ್ಮನಾಗಬೇಡಿ, ಬಾಯಿ ತೆರೆಸಿ ತೋರಿಸಿಕೊಡಿ. ಹೂಂ ಅಂದರೆ ನಂಬಬೇಡಿ. ನಾವೂ ಹೂಂ ಅಂದಿದ್ದೆವು.

ಅವರ ಹೊಲಿಗೆ ಬಲು ಬಿಗಿ, ಪುಸ್ತಕ ಬಿಚ್ಚಿಟ್ಟರೂ ಮುಚ್ಚಿಕೊಳ್ಳುತ್ತಿತ್ತು. ಈಗ ಎಲ್ಲಿ ಇಟ್ಟರೂ ಒಂಬತ್ತನೇ ಪುಟಕ್ಕೇ ತೆರೆದುಕೊಳ್ಳುತ್ತದೆ. ಹಾಳು ಮಾಡಿದ್ದಕ್ಕೆ ಕ್ಷಮಿಸಿ.

ಇತಿ,
ಬೈಂಡರ್ ಹೆಂಡತಿ