ಪತ್ಥರ್ ಕೆ ಅಂದರ್, ಭಾಗ ಆರು

3 ನವೆಂಬರ್ 2025, ಸೋಮವಾರ

ಫಸ್ಟ್ ಶಿಫ್ಟ್. ಫ್ಯಾಕ್ಟರಿ ಲ್ಯಾಬಿನಲ್ಲಿ ಬೆಳಗ್ಗೆಯೇ ಸಿಮೆಂಟಿನ ಹನ್ನೆರಡು ಕ್ಯೂಬು ಒಡೆದೆ, ಎರಕ ಹಾಕಿ ಇಪ್ಪತ್ತೆಂಟು ದಿನವಾದವು. ಎಲ್ಲ ಪಾಸ್. ಸಿಮೆಂಟಿನ ಜೊತೆ ಇದೊಂದು ಸುಖ — ಮಷೀನು ಒತ್ತುತ್ತದೆ, ಕ್ಯೂಬು ತಡೆಯುತ್ತದೆ, ಇಲ್ಲವೇ ಪುಡಿ. ವಾದ ಇಲ್ಲ.

ಕ್ಯಾಂಟೀನಿನಲ್ಲಿ ಮೊಬೈಲ್ ನೋಡಿ ತಲೆ ಕೆಟ್ಟಿತು. ‘ಪತ್ಥರ್ ಕೆ ಅಂದರ್’ ಭಾಗ ಆರು ಬರುತ್ತಿದೆಯಂತೆ. ಇದೇ 21ಕ್ಕೆ, ಶಹಾಬಾದ್ ಟಾಕೀಸಿಗೂ. ಆರು! ಇವರಿಗೆ ನಾಚಿಕೆ ಅನ್ನುವುದು ಇದೆಯೋ ಇಲ್ಲವೋ...

ಮೊದಲನೇದು 1991. ವಾಡಿಯಲ್ಲಿ ನೋಡಿದೆ, ಹದಿನೈದು ವರ್ಷದವ. ಟಾಕೀಸಿನ ಆಪರೇಟರ್ ನಮ್ಮಪ್ಪನೇ. ಫಾರಿನ್ ಪಿಕ್ಚರ್, ಹಿಂದಿ ಡಬ್ಬಿಂಗು. ಯಾವುದೋ ಗ್ರಹದಲ್ಲಿ ಏಳು ಜನ ಕಲ್ಲು ಒಡೆಯುತ್ತಾರೆ. ಕಲ್ಲಿನೊಳಗೆ ಏನೋ ಇದೆ. ಒಬ್ಬೊಬ್ಬರೇ ಹೋಗುತ್ತಾರೆ. ಕೊನೆಗೆ ಒಬ್ಬಳು ಹೆಂಗಸು, ಒಂದು ಕಬ್ಬಿಣದ ಬಾಗಿಲು. ಬಾಗಿಲಿನ ಹಿಡಿ ತಿರುಗುತ್ತದೆ... ಮುಗಿಯಿತು. ಅದು ಏನು ಅಂತ ತೋರಿಸುವುದೇ ಇಲ್ಲ. ನಮ್ಮೂರ ಕಲ್ಲಿನ ಖಣಿಯಲ್ಲಿ ಕೆಲಸ ಮಾಡುವ ಗಂಡಸರು ಅವತ್ತು ಒಂಟಿಯಾಗಿ ಮನೆಗೆ ಹೋಗಲಿಲ್ಲ. ಇಂಥ ಪಿಕ್ಚರ್ ಜಗತ್ತಿನಲ್ಲಿ ಇನ್ನೊಂದಿಲ್ಲ. ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಆಮೇಲೆ ಬಂದವೆಲ್ಲ ಕಸ. ಎರಡನೇದು ಶುರುವಾಗುವುದೇ ಆ ಪ್ರಾಣಿಯ ಸುಟ್ಟ ಹೆಣದಿಂದ. ಮೊದಲನೇದರಲ್ಲಿ ಕಾಣಿಸಿಕೊಳ್ಳದೇ ಇದ್ದದ್ದು ಇಲ್ಲಿ ಯಾವಾಗ ಸತ್ತಿತು? ಕಂಟಿನ್ಯುಟಿ ಅನ್ನುವುದು ಬೇಡವೇ? ಮೂರನೇದರಲ್ಲಿ ಅದರ ತಾಯಿ. ನಾಲ್ಕರಲ್ಲಿ ತಾಯಿ ಸಿಟಿಗೆ ಬರುತ್ತಾಳೆ. ಐದರಲ್ಲಿ ಎಲ್ಲದಕ್ಕೂ ಮುಂಚಿನ ಕಥೆ — ಅದು ಯಾಕೆ ಹಾಗಾಯಿತು, ಪಾಪ ಅದಕ್ಕೂ ಮನಸ್ಸಿದೆ ಅಂತ ಎರಡೂವರೆ ತಾಸು.

ಆದರೂ ಎಲ್ಲವನ್ನೂ ಮೊದಲ ದಿನವೇ ನೋಡಿದ್ದೇನೆ. ಗೆಳೆಯ ಬಂದೇಅಲಿ ಜೊತೆ. ಅದು ನಮ್ಮಿಬ್ಬರ ಕರಾರು.

ಇತ್ತು.

5 ನವೆಂಬರ್, ಬುಧವಾರ

ಹೆಂಡತಿ ಚಂದ್ರಕಲಾ ಕೇಳಿದಳು: “21ಕ್ಕ ಶಹಾಬಾದಿಗಿ ಹೋಗ್ತೀರೇನು?”

“ಒಬ್ಬನೇ ಹೋಗ್ತೀನಿ.”

“ಬಂದೇಅಲಿ ಅಣ್ಣಗ ಒಂದು ಫೋನ್ ಮಾಡ್ರಿ. ಆರು ವರ್ಷ ಆಯ್ತು.”

ಮಾಡಲ್ಲ. ತಪ್ಪು ಅವನದು. ಅವನ ಅಬ್ಬಾ ಮತ್ತು ನಮ್ಮಪ್ಪ ಒಂದೇ ಧಂದೆಯವರು, ಅವರು ರೀಲು ಸಾಗಿಸುವವರು, ಇವರು ಹಚ್ಚುವವರು. ಒಂದೇ ಪ್ರಿಂಟು, ಎರಡು ಟಾಕೀಸು. ಶಹಾಬಾದಿನಲ್ಲಿ ಆರಕ್ಕೆ ಶುರು, ವಾಡಿಯಲ್ಲಿ ಏಳಕ್ಕೆ. ಅಲ್ಲಿ ಒಂದು ರೀಲು ಮುಗಿದ ಕೂಡಲೇ ಅವನ ಅಬ್ಬಾ ಡಬ್ಬಿ ಲೂನಾಕ್ಕೆ ಕಟ್ಟಿ ಇಲ್ಲಿಗೆ ತರುವುದು, ನಮ್ಮಪ್ಪ ಹಚ್ಚುವುದು. ಹಾಗಾಗಿ ಆ ಪಿಕ್ಚರ್ ನಾವಿಬ್ಬರೂ ಒಂದೇ ದಿನ ನೋಡಿದ್ದು. ಅವನು ಅಲ್ಲಿ, ನಾನು ಇಲ್ಲಿ.

ಮೂರು ದಿನ ಬಿಟ್ಟು ಸಿಕ್ಕಾಗ ಅವನು ಹೇಳಿದ್ದು ಏನು? “ಕ್ಲೈಮ್ಯಾಕ್ಸ್ ಭಾಳ ಖರಾಬ್ ಅದ ಯಾರ್. ರಬ್ಬರಿನ ಭೂತ. ಬೆನ್ನ ಮ್ಯಾಲಿನ ಝಿಪ್ ಸುದ್ದಾ ಕಾಣ್ತದ.” ನಾನು ಜಗಳಕ್ಕೇ ಬಿದ್ದೆ. ಅವನು ಒಂದು ಥರಾ ಮುಖ ಮಾಡಿ ಸುಮ್ಮನಾದ. ಆಮೇಲೆ ಆ ಮಾತು ತಾನಾಗಿ ಎತ್ತಲಿಲ್ಲ. ಆದರೆ ನಾನು ಎತ್ತಿದಾಗ ವಾಪಸ್ಸೂ ತೆಗೆದುಕೊಳ್ಳಲಿಲ್ಲ. “ನಂಗ ಎರಡನೇದೇ ಛಲೋ ಅನ್ನಸ್ತದ” ಅಷ್ಟೇ. ಇಪ್ಪತ್ತೆಂಟು ವರ್ಷ ಅದೊಂದೇ ಮಾತು. ಯಾರಿಗೆ ಸಿಟ್ಟು ಬರಲ್ಲ?

2019ರಲ್ಲಿ ಅವನ ಮಗಳ ಮಂಗನಿ, ನಿಶ್ಚಿತಾರ್ಥ. ಊಟದ ಹೊತ್ತಿಗೆ ಐದನೇ ಭಾಗದ ಮಾತು ಬಂತು. ಅವನು ಮತ್ತೆ ಎರಡನೇದೇ ಬೆಸ್ಟ್ ಅಂದ. ನನಗೆ ತಡೆಯಲಾಗಲಿಲ್ಲ. ಗಂಡಿನ ಕಡೆಯವರ ಎದುರಿಗೇ ಅಂದೆ, “ಇವ ಹುಟ್ಟಾ ಸುಳ್ಳಾ. ಇಲ್ಲದ ಸೀನ್ ನೋಡೀನಿ ಅಂತಾನ. ಇವನ ಮಾತು ನಂಬಬ್ಯಾಡ್ರಿ.” ನಗುತ್ತಲೇ ಅಂದೆ. ಯಾರೂ ನಗಲಿಲ್ಲ. ಬೀಗರು ತಾಟಿನ ಮೇಲಿನ ಕೈ ತೆಗೆದರು. ಬಂದೇಅಲಿ ಊಟದ ಸಾಲಿನ ಆ ಕಡೆ ತಿರುಗಿ ನೋಡಿದ, ಒಳಗೆ ಹೋದ.

ಜಾಗ ಸರಿಯಿರಲಿಲ್ಲ, ಒಪ್ಪುತ್ತೇನೆ. ಮಾತು ಸರಿಯೇ ಇತ್ತು.

8 ನವೆಂಬರ್, ಶನಿವಾರ

ಮಗಳು ಸುಶ್ಮಿತಾ ಕಾಲೇಜಿನಿಂದ ಬಂದಿದ್ದಾಳೆ, ಎರಡು ದಿನ. ಚಂದ್ರಂಪಳ್ಳಿ ಡ್ಯಾಮಿಗೆ ಗೆಳತಿಯರ ಜೊತೆ ಹೋಗಿ ಮೈಯೆಲ್ಲ ಕಪ್ಪಾಗಿ ಬಂದಳು. ಬಂದವಳೇ ಲ್ಯಾಪ್‌ಟಾಪ್ ತೆಗೆದು, “ಅಪ್ಪಾ, ನಿಮ್ಮ ಪಿಕ್ಚರ್ ಸಿಕ್ಕದ. ಮೊದಲನೇದು. ಆರನೇದು ಬರ್ಲಿಕತ್ತದಲ್ಲ, ಕಂಪನಿಯವರೇ ನೆಟ್ಟಿನಾಗ ಹಾಕ್ಯಾರ.”

ಮೂವತ್ತನಾಲ್ಕು ವರ್ಷ. ಕ್ಯಾಸೆಟ್ ಸಿಗಲಿಲ್ಲ, ಸಿಡಿ ಸಿಗಲಿಲ್ಲ. ಪರದೆಯ ಮೇಲಿನ ಹೆಸರನ್ನು ಮೂರು ಸಲ ಓದಿದೆ, ಸುಳ್ಳು ಹೇಳಲ್ಲ.

ನಾಳೆ ಭಾನುವಾರ. ಅಪ್ಪನನ್ನೂ ಕೂರಿಸಿಕೊಂಡು ಎಲ್ಲರೂ ನೋಡೋಣ. ಎರಡನೇದೇ ಬೆಸ್ಟ್ ಅನ್ನುತ್ತಾಳೆ ಇವಳೂ. ನಾಳೆ ಗೊತ್ತಾಗುತ್ತದೆ ಅವಳಿಗೆ.

9 ನವೆಂಬರ್, ಭಾನುವಾರ, ಮಧ್ಯಾಹ್ನ 3

ಹಿಡಿ ತಿರುಗಿತು.

ಬಾಗಿಲು ತೆರೆಯಿತು.

ಇನ್ನೂ ಹದಿನಾಲ್ಕು ನಿಮಿಷ ಇದೆ ಪಿಕ್ಚರು.

ಅದು ಹೊರಗೆ ಬಂತು. ರಬ್ಬರು. ನಡೆದರೆ ಮೊಣಕಾಲಿನ ಹತ್ತಿರ ಮಡಿಕೆ ಬೀಳುತ್ತದೆ. ಆ ಹೆಂಗಸು ಕೊಲೆಗಡುಕನನ್ನು ಅಟ್ಟಿದ ಹಾಗೆ ಅದನ್ನು ಅಟ್ಟಿಕೊಂಡು ಹೋಗಿ ಬೆಂಕಿ ಹಚ್ಚುತ್ತಾಳೆ. ಅದು ತಿರುಗಿದಾಗ ಬೆನ್ನಿನ ಮೇಲೆ ಝಿಪ್. ಸುಶ್ಮಿತಾ ಬಿದ್ದು ಬಿದ್ದು ನಕ್ಕಳು. “ಇದಾ ಅಪ್ಪಾ ಜಗತ್ತಿನಾಗಿಲ್ಲದ ಪಿಕ್ಚರ್?”

ಎರಡನೇದರ ಮೊದಲ ಸೀನಿನ ಸುಟ್ಟ ಹೆಣ — ಸರಿಯಾಗಿಯೇ ಇದೆ. ಕಂಟಿನ್ಯುಟಿ ಪಕ್ಕಾ. ನಾನೇ...

ಬಂದೇಅಲಿ ಹೇಳಿದ್ದು ಪ್ರತಿ ಅಕ್ಷರ ಖರೆ.

ಹಿಂದಕ್ಕೆ ತಿರುಗಿ ನೋಡಿದೆ. ಅಪ್ಪ ತನ್ನ ಕುರ್ಚಿಯಲ್ಲಿ ಇರಲಿಲ್ಲ.

ಅದೇ ದಿನ, ಸಂಜೆ 5

ಅಪ್ಪ ಕ್ವಾರ್ಟರ್ಸಿನ ಹಿಂದೆ ಬೇವಿನ ಗಿಡದ ಕೆಳಗೆ ಕೂತಿದ್ದ. ಎಪ್ಪತ್ತೊಂಬತ್ತು ವಯಸ್ಸು, ಈಗ ಓಡಿಹೋಗಿ ಅಡಗಿಕೊಳ್ಳುವುದು. ಪಕ್ಕದಲ್ಲಿ ಕೂತೆ. ಕೇಳುವ ಮೊದಲೇ ಶುರು ಮಾಡಿದ.

“ಅವತ್ತ ರೈಲ್ವೇ ಗೇಟ್ ಬಂದ್ ಇತ್ತೋ ತಮ್ಮಾ. ಸಿಮೆಂಟಿನ ಗೂಡ್ಸ್ ಗಾಡಿ ಅಡ್ಡ ನಿಂತುಬಿಟ್ಟಿತ್ತು. ಕಡೀ ರೀಲು ಆ ಕಡಿ, ನಾ ಈ ಕಡಿ. ಟಾಕೀಸಿನಾಗ ಮಂದಿ ಕುರ್ಚಿ ಮುರೀಲಿಕತ್ತಿದ್ರು.”

“ಮತ್ತ?”

“ಮತ್ತೇನು. ಹಳೇ ಪಿಕ್ಚರಿನ ‘ಶುಭಂ’ ತುಂಡು ಒಂದು ನನ್ನ ಹತ್ರ ಇತ್ತು, ದೀಪದ ಚಿತ್ರದ್ದು. ಬಾಗಿಲದ ಹಿಡಿ ತಿರುಗ್ತಲ್ಲ, ಅಲ್ಲೇ ರೀಲ್ ಮುಗೀತು. ಹಿಂದ ಅದನ್ನ ಅಂಟಿಸಿ ಬಿಟ್ಟಿನಿ.”

ಶುಭಂ. ನನಗೆ ನೆನಪಿತ್ತು! ಮೂವತ್ತನಾಲ್ಕು ವರ್ಷ ಆ ದೀಪ, ಆ ಅಕ್ಷರ ಕಣ್ಣಿನ ಎದುರಿಗಿದೆ. ಫಾರಿನ್ನಿನವರು ತೆಗೆದ ಪಿಕ್ಚರು, ಹಿಂದಿಯಲ್ಲಿ ಮಾತಾಡುತ್ತದೆ, ಕನ್ನಡದಲ್ಲಿ ಮುಗಿಯುತ್ತದೆ. ಒಂದು ದಿನ, ಒಂದೇ ಒಂದು ದಿನ, ಅದು ಹೇಗೆ ಅಂತ ಕೇಳಿಕೊಳ್ಳಲಿಲ್ಲ ನಾನು. ನಾನು ಕ್ವಾಲಿಟಿ ಕಂಟ್ರೋಲಿನವ ಅಂತೆ. ಹಾಳಾಗಿ ಹೋಗಲಿ.

“ಮರುದಿನದಿಂದ ಪೂರಾ ಹಚ್ಚಿದ್ರೇನು?”

“ಎಲ್ಲಿದು. ಮಂದಿಗಿ ಹಂಗೇ ಸೇರಿತ್ತು. ಮಾಲೀಕರೇ ಅಂದ್ರು, ಸಾಯಬಣ್ಣಾ, ಹಿಂಗೇ ಇರ್ಲಿ ಅಂತ.”

“ನನಗ ಯಾಕ ಹೇಳಲಿಲ್ಲ ಅಪ್ಪಾ?”

ಬೇವಿನ ಕಡ್ಡಿ ಮುರಿದ. “ಅವತ್ತ ಮನಿಗಿ ಬಂದು ನೀ ಏನಂದಿ, ನೆನಪದೇನು? ‘ಅಪ್ಪಾ, ಇಂಥಾದ್ದು ನೀ ತೋರ್ಸಿದಿ’ ಅಂದಿ. ಅದಕ್ಕಿಂತ ಮೊದ್ಲ ನೀ ನನ್ನ ಕೆಲಸ ಏನಂತ ಸಾಲಿಯಾಗ ಹೇಳ್ತಿದ್ದಿ? ರೈಲ್ವೇದಾಗ ಅಂತ.”

ಅದೂ ಖರೆ. ಎದ್ದು ಹೋಗಬೇಕು ಅನ್ನಿಸಿತು. ಅಪ್ಪ ತೋಳು ಹಿಡಿದ.

“ಇನ್ನೊಂದದ. ಬಂದೇಅಲಿಗಿ ಗೊತ್ತದ.”

“ಏನು?”

“ಎಲ್ಲಾ. ನಿನ್ನ ಸಂಗಾಟ ಜಗಳಾಡಿ ಸೀದಾ ನನ್ನ ಹತ್ರ ಬಂದ. ‘ಕಾಕಾ, ಅಬ್ಬಾ ಗೇಟಿನಾಗ ಸಿಕ್ಕಿದ್ರು, ಕಡೀ ರೀಲು ಬಂದಿಲ್ಲ, ಹೌದಿಲ್ಲೋ’ ಅಂದ. ನಾ ಆಣಿ ಹಾಕ್ಸೀನಿ. ಅಮರಗ ಹೇಳಬ್ಯಾಡಪ್ಪಾ ಅಂತ.”

ಮಂಗನಿ ದಿನ ಬಂದೇಅಲಿ ತಿರುಗಿ ನೋಡಿದ್ದು ಯಾವ ಕಡೆ ಅಂತ ಈಗ ಗೊತ್ತಾಯಿತು. ಅಲ್ಲಿ ಅಪ್ಪ ಕೂತಿದ್ದ.

“ಅವನ ಬೀಗರ ಎದುರಿಗಿ ನಾ ಅವಂಗ ಸುಳ್ಳಾ ಅಂದೀನಿ. ನೀ ಅಲ್ಲೇ ಕುಂತಿದ್ದಿ. ಯಾಕ ಬಾಯಿ ಬಿಡಲಿಲ್ಲ?”

“ಉಣ್ಲಿಕತ್ತಿದ್ದೆ” ಅಂದ ಅಪ್ಪ. ಅಷ್ಟು ಹೇಳಿ ಅತ್ತ.

ಬೈಯಲೂ ಆಗಲಿಲ್ಲ. ಸಮಾಧಾನ ಮಾಡಲೂ ಮನಸ್ಸು ಬರಲಿಲ್ಲ.

17 ನವೆಂಬರ್, ಸೋಮವಾರ

ಎಂಟು ದಿನ ಏನೂ ಬರೆದಿಲ್ಲ. ಫೋನು ತೆಗೆಯುವುದು, ಇಡುವುದು. ಮೆಸೇಜ್ ಟೈಪ್ ಮಾಡಿದೆ — ‘ಬಂದೇ, ನೀನು ಹೇಳಿದ್ದು ಖರೆ’. ಅಳಿಸಿದೆ. ಆರು ವರ್ಷಕ್ಕೆ ಒಂದು ಸಾಲು ಕಳಿಸುವುದೇ?

ನಿನ್ನೆ ಶಹಾಬಾದಿಗೆ ಹೋಗಿದ್ದೆ. ಅವನ ಕಲ್ಲಿನ ಪಾಲಿಶ್ ಮಷೀನಿನ ಶೆಡ್ಡಿನ ತನಕ. ಕೆಲಸದವರು ಅಂದರು, ಸಾಹುಕಾರರು ಫರಸಿ ಕಲ್ಲಿನ ಲೋಡು ತಗೊಂಡು ಚಿಂಚೋಳಿಗೆ ಹೋಗ್ಯಾರ. ಯಾರು ಬಂದಿದ್ರು ಅಂತ ಹೇಳ್ಲಿ? ಹೇಳಬ್ಯಾಡ್ರಿ ಅಂದೆ. ವಾಪಸ್ ಬರುವಾಗ ವಾಡಿಯ ಹೊರಗೆ ಪ್ಯಾಸೆಂಜರ್ ಒಂದು ತಾಸು ನಿಂತುಬಿಟ್ಟಿತು. ಮುಂದೆ ಗೂಡ್ಸ್ ಗಾಡಿ. ನೋಡನೋಡುತ್ತಾ ಮೈ ಉರಿಯಿತು.

ಕೂತು ಯೋಚಿಸಿದೆ. ನಾನು ನೋಡಿದ ಪಿಕ್ಚರನ್ನು ಯಾವ ಡೈರೆಕ್ಟರೂ ತೆಗೆದಿಲ್ಲ. ನಮ್ಮಪ್ಪ ಮತ್ತು ಒಂದು ಗೂಡ್ಸ್ ಗಾಡಿ ಸೇರಿ ತೆಗೆದದ್ದು. ಪಾಪ, ಆ ಭಾಗ ಎರಡು, ಮೂರು, ನಾಲ್ಕು ಅದರ ಸರಿಸಮ ಹೇಗೆ ನಿಲ್ಲಬೇಕು? ಅವು ಇದ್ದದ್ದು ಬೇರೆ ಪಿಕ್ಚರಿನ ಮುಂದಿನ ಭಾಗಗಳು. ರಾತ್ರಿ ಎರಡನೇದನ್ನು ಮತ್ತೆ ನೋಡಿದೆ. ಛಲೋ ಇದೆ. ಮೊದಲನೇದಕ್ಕಿಂತ — ಪೂರಾ ಮೊದಲನೇದಕ್ಕಿಂತ — ಎಷ್ಟೋ ಛಲೋ ಇದೆ. ಅದನ್ನು ಒಪ್ಪಿಕೊಳ್ಳಲು ಎದುರಿಗೆ ಅವನು ಇಲ್ಲ.

20 ನವೆಂಬರ್, ಗುರುವಾರ

ಚಂದ್ರಕಲಾ ರೊಟ್ಟಿ ಬಡಿಯುತ್ತಾ: “ಮಂದಿ ಎದುರಿಗಿ ಬೈಲಿಕ್ಕ ಬಾಯಿ ಬಂತು. ಮಾಫಿ ಕೇಳ್ಲಿಕ್ಕ ಬಾಯಿ ಬಿದ್ದುಹೋಗ್ಯದೇನು?”

ನಾಳೆಗೆ ಲೀವ್ ಹಾಕಿದ್ದೇನೆ.

ಅಪ್ಪ ಬಾಗಿಲಲ್ಲಿ ನಿಂತು ಅಂದ, “ಬಂದೇಅಲಿಗಿ ಹೇಳು, ಆಣಿ ವಾಪಸ್ ತಗೊಂಡೀನಿ ಅಂತ.” ಹೇಳುತ್ತೇನೆ ಅಂದೆ. ಅವನು ಟಾಕೀಸಿಗೆ ಬಂದರೆ ತಾನೇ.

21 ನವೆಂಬರ್, ಶುಕ್ರವಾರ. ಶಹಾಬಾದ್ ಸ್ಟೇಷನ್, ಸಂಜೆ 5:40

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೇಗ ಬೇಗ.

ಮಧ್ಯಾಹ್ನ ಟಾಕೀಸಿಗೆ ಮುಟ್ಟಿದಾಗ ಬಂದೇಅಲಿ ಕ್ಯೂನಲ್ಲಿ ಇದ್ದ. ತಲೆ ಪೂರಾ ಬೆಳ್ಳಗಾಗಿದೆ. ಒಬ್ಬನೇ ಅಲ್ಲ — ಪಕ್ಕದಲ್ಲಿ ಅದೇ ಬೀಗರು, ಮಂಗನಿ ದಿನ ತಾಟಿನಿಂದ ಕೈ ತೆಗೆದವರು. ಓಡಿಹೋಗೋಣ ಅನ್ನಿಸಿತು. ನೆಟ್ಟಗೆ ಹೋಗಿ ಬೀಗರಿಗೇ ಹೇಳಿದೆ, “ಅವತ್ತ ನಾ ಇವಂಗ ಸುಳ್ಳಾ ಅಂದಿದ್ದೆ. ಸುಳ್ಳು ನಂದೇ ಇತ್ತರಿ. ಇವ ಹೇಳಿದ್ದು ಖರೆ. ಕಡೀ ರೀಲು ನಾ ನೋಡೇ ಇರಲಿಲ್ಲ. ನಮ್ಮಪ್ಪ...”

ಬಂದೇಅಲಿ ನನ್ನ ಮಾತು ಮುಗಿಸಲು ಬಿಡಲಿಲ್ಲ. ಬೀಗರ ಕಡೆ ತಿರುಗಿ, “ಅವತ್ತ ಗೇಟ್ ಬಂದ್ ಇತ್ತು. ನಮ್ಮ ಅಬ್ಬಾ ಲೇಟ್ ಮಾಡಿದ್ರು” ಅಂದ. ಇನ್ನೂ ನಮ್ಮಪ್ಪನನ್ನೇ ಉಳಿಸುತ್ತಿದ್ದಾನೆ! ಬೀಗರು ಇಬ್ಬರನ್ನೂ ನೋಡಿ, “ಪಿಕ್ಚರಿನ ಸಲುವಾಗಿ ಆರು ವರ್ಷ?” ಅಂದರು. ಆ ಮೇಲೆ ಪಾನ್ ತರುತ್ತೇನೆ ಅಂತ ಹೋದವರು ವಾಪಸ್ ಬರಲೇ ಇಲ್ಲ. ಬೇಕಂತಲೇ ಇರಬೇಕು.

ಇಬ್ಬರೂ ಒಳಗೆ ಹೋಗಿ ಕೂತೆವು. ಅಪ್ಪನ ಮಾತು ಹೇಳಿದೆ. ತಲೆ ಆಡಿಸಿದ, ಅಷ್ಟೇ. ಪಿಕ್ಚರು ಇಂಟರ್ವಲ್ ತನಕ ದರಿದ್ರ. “ಸೆಕೆಂಡ್ ಹಾಫ್ ಎಬ್ಬಸ್ತದ ನೋಡು” ಅಂದ ಅವನು. “ಏನೂ ಎಬ್ಬಸಲ್ಲ” ಅಂದೆ ನಾನು. ಆರು ವರ್ಷದ ಮೇಲೆ ಮೊದಲ ಜಗಳ. ಎದೆ ಹಗುರಾಯಿತು.

ಕೊನೆಗೆ ಅದೇ ಕಲ್ಲಿನ ಖಣಿ. ಒಬ್ಬಳೇ ಹೆಂಗಸು, ಈಗ ಮುದುಕಿ. ಅದೇ ಕಬ್ಬಿಣದ ಬಾಗಿಲು. ಸಪ್ಪಳ ಪೂರಾ ನಿಂತಿತು. ಹಿಡಿ ತಿರುಗಿತು.

ಬಂದೇಅಲಿ ನನ್ನ ತೋಳು ಹಿಡಿದು ಎಬ್ಬಿಸಿದ. “ಏಳೋ ಅಮರ್ಯಾ, ಗೇಟ್ ಬಂದ್ ಆಗ್ತದ.”

“ಇನ್ನೂ ಮುಗಿದಿಲ್ಲ.”

“ನಿಂದು ಮುಗೀತು. ನಡಿ.”

ಜನರ ಕಾಲು ತುಳಿಯುತ್ತಾ, ಬೈಸಿಕೊಳ್ಳುತ್ತಾ ಹೊರಗೆ ಬಂದೆವು. ಹಿಂದಕ್ಕೆ ನೋಡಲಿಲ್ಲ. ಒಳಗೆ ಎಲ್ಲರೂ ಒಟ್ಟಿಗೆ ಚೀರಿದ್ದು ಕೇಳಿಸಿತು. ಬಿಸಿಲಿಗೆ ಇಬ್ಬರ ಕಣ್ಣಲ್ಲೂ ನೀರು.

“ಹೆಂಗಿತ್ತು?” ಅಂದ.

“ಮೊದಲನೇದರಷ್ಟೇ ಛಲೋ ಇತ್ತು” ಅಂದೆ. ಖರೇನೇ ಅಂದೆ.

ಈಗ ಚಹಾ ತರಲು ಹೋಗಿದ್ದಾನೆ. ಬೀಗರ ಎದುರಿಗೆ ಹೇಳಿದೆ, ಅವನಿಗೆ ಅಂತ ಮಾಫಿ ಇನ್ನೂ ಕೇಳಿಲ್ಲ. ಮೂವತ್ತನಾಲ್ಕು ವರ್ಷ ಬಾಯಿ ಕಟ್ಟಿಕೊಂಡು ಇದ್ದವನಿಗೆ ಏನಂತ ಹೇಳುವುದು? ಎರಡು ಕಪ್ಪು ಹಿಡಿದು ಬರುತ್ತಿದ್ದಾನೆ, ಚೆಲ್ಲುತ್ತಾ. ಅವನು ಕೂತ ಕೂಡಲೇ ನನ್ನ ಮೊದಲ ಮಾತೇ...