ತೂತು ಮುಚ್ಚಿದ ಬೆಳ್ಳಿನಾಣ್ಯ

ಫೆಬ್ರವರಿ ೧೯, ಗುರುವಾರ

ಚಿರಂಜೀವಿ ಮಗಳಿಗೆ,

ತಂದೆಯು ಮನಸಾರೆ ಹರಸಿ ಬರೆಯುವುದು. ನಿನ್ನ ಎರಡು ಕಾಗದಗಳೂ ಕೈಸೇರಿ ತಿಂಗಳಾಯಿತು. ಉತ್ತರಿಸದೆ ಇದ್ದುದಕ್ಕೆ ಮುನಿಯಬೇಡ. ಭಗವಂತನ ದಯೆಯಿಂದ ದೇಹ ಸ್ವಸ್ಥವಾಗಿದೆ. ಮನಸ್ಸು ಮಾತ್ರ ಒಂದು ನಾಣ್ಯದ ಸುತ್ತಲೇ ಸುತ್ತುತ್ತಿತ್ತು.

ನನ್ನ ಸಂಗ್ರಹವನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲು ನಿಶ್ಚಯಿಸಿದೆನಷ್ಟೆ. ಪರೀಕ್ಷಿಸಲು ಅಲ್ಲಿಂದ ಬಂದವಳು ನಿನಗಿಂತ ಹತ್ತು ವರ್ಷ ಚಿಕ್ಕವಳು. ಆಕೆಯ ವಿದ್ಯೆಯನ್ನು ಏನೆಂದು ವರ್ಣಿಸಲಿ! ಕಿಟಕಿಯ ಬಳಿಗೆ ಮೇಜು ಎಳೆದು, ಬಿಳಿಯ ಬಟ್ಟೆ ಹಾಸಿ, ಒಂದೊಂದನ್ನೂ ಅಂಚಿನಲ್ಲೇ ಹಿಡಿದು ಬೆಳಕಿಗೆ ಓರೆಮಾಡಿ ನೋಡಿದಳು. ಇನ್ನೂರು ನಾಣ್ಯಗಳು ನಿರಾತಂಕವಾಗಿ ದಾಟಿದವು. ನನ್ನ ತಂದೆಯವರಿಂದ ಬಂದ ಆ ಅಗಲವಾದ ತೆಳು ಬೆಳ್ಳಿನಾಣ್ಯದ ಬಳಿ ಕೈ ನಿಂತಿತು.

"ತಾತ, ಇದನ್ನ ಯಾವಾಗ್ಲಾದ್ರೂ ರಿಪೇರಿ ಮಾಡ್ಸಿದ್ರಾ?"

"ರಿಪೇರಿಗೆ ಅದೇನು ಗಡಿಯಾರವೇನಮ್ಮ? ನನ್ನ ಬಿಟ್ಟು ಅದನ್ನ ಯಾರೂ ಮುಟ್ಟಿಲ್ಲ."

"ಬೈಕೊಂಡ್ರೂ ಪರವಾಗಿಲ್ಲ, ನೋಡಿ," ಎಂದು ಭೂತಗನ್ನಡಿಯನ್ನು ನನ್ನ ಕೈಗಿತ್ತಳು. "ಹಳೇ ನಾಣ್ಯ ಅಂದ್ರೆ ಅಕ್ಷರದ ಸಂದೀಲಿ ಕಪ್ಪು ಕೂತಿರ್ಬೇಕು. ಇದು ಸಂದಿಗೊಂದೀಲೂ ಒಂದೇ ಥರ ಹೊಳೀತಿದೆ. ಮೇಲೆ ಮತ್ತೆ ಬೆಳ್ಳಿ ಲೇಪ ಕೊಟ್ಟಿದಾರೆ. ಅಂಚಿನ ಸುತ್ತ ಇರೋ ಈ ಬಳ್ಳೀಲಿ ಮೂರನೇ ಎಲೆ ಅಚ್ಚಿಂದ ಬಂದಿದ್ದಲ್ಲ, ಉಳೀಲಿ ಕೆತ್ತಿದ್ದು. ಅಲ್ಲೊಂದು ತೂತಿತ್ತು, ತುಂಬಿ ಮುಚ್ಚಿದಾರೆ."

ವರ್ಷಕ್ಕೊಮ್ಮೆ ತಪ್ಪದೆ ಅದನ್ನು ತೂಗಿದೆನೇ ಹೊರತು ಬೆಳಕಿಗೆ ಹಿಡಿದು ನೋಡಿದವನಲ್ಲ ನಾನು. ಹೊಳಪನ್ನು ನನ್ನ ಜೋಪಾನದ ಫಲವೆಂದು ಭಾವಿಸಿ ಬೀಗಿದೆ. ನಾಚಿ, ಆ ನಾಣ್ಯವನ್ನು ಹಿಂತೆಗೆಯುವೆನೆಂದೆ. "ಬೇಡಿ ತಾತ, ಇಷ್ಟು ಚೆನ್ನಾಗಿ ಮುಚ್ಚಿರೋದನ್ನ ನಾನು ಇನ್ನೊಂದು ಕಂಡಿಲ್ಲ. ಇದ್ದದ್ದನ್ನ ಇದ್ದ ಹಾಗೇ ಬರೆದು ಇಡೋಣ," ಎಂದಳು.

ಅಂತಹ ಎಲೆ ಕೆತ್ತಬಲ್ಲ ಕೈ ನಾನು ಬಲ್ಲಂತೆ ಒಂದೇ. ಮಾರನೆಯ ದಿನ ನಾಣ್ಯವನ್ನು ತೆಗೆದುಕೊಂಡು ನಮ್ಮ ಹಳೆಯ ಅಕ್ಕಸಾಲಿಗರ ಮನೆಗೆ ಹೋದೆ. ಅವರಿಗೀಗ ಕಣ್ಣು ಕಾಣದು. ನಾಣ್ಯವನ್ನು ಹೆಬ್ಬೆರಳಿನಿಂದ ಸವರುತ್ತ ಬಂದು, ಆ ಎಲೆಯ ಮೇಲೆ ಬೆರಳು ನಿಲ್ಲಿಸಿ ನಕ್ಕರು.

"ಅಂತೂ ಸಿಕ್ಕಿಬಿದ್ದೆ! ಮೂವತ್ತೆರಡು ವರ್ಷ ನಿಮ್ಮ ಕಣ್ಣಿಗೆ ಮಣ್ಣೆರಚಿದೀನಿ ಸ್ವಾಮಿ. ಅಮ್ಮಾವ್ರು ತಂದಿದ್ರು. ತೂಕ ಕೂದಲೆಳೆಯಷ್ಟೂ ಆಚೀಚೆ ಆಗ್ಬಾರ್ದು, ಅವ್ರು ತೂಗಿ ನೋಡ್ತಾರೆ ಅಂತ ನಾಲ್ಕು ಸಲ ಹೇಳಿದ್ರು."

ಸ್ವರ್ಗಸ್ಥಳಾದ ನಿನ್ನ ತಾಯಿಯನ್ನು ನೆನೆದು ಅಲ್ಲಿಯೇ ಕೈಜೋಡಿಸಿದೆ. ನನ್ನ ಪರೀಕ್ಷೆ ಎಲ್ಲಿಗೆ ಮುಗಿಯುವುದೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲವಳು ಆಕೆ. ಆ ಜಾಣ್ಮೆಗೂ ಈ ಮುದುಕರ ಉಳಿಗೂ ಆ ಹುಡುಗಿಯ ಕಣ್ಣಿಗೂ ನಾನು ಸಮಾನವಾಗಿ ತಲೆಬಾಗಿದ್ದೇನೆ.

ದೇವರು ನಿನ್ನನ್ನೂ ಅಳಿಯಂದಿರನ್ನೂ ಸುಖವಾಗಿರಿಸಲಿ.

ನಿನ್ನ ಹಿತವನ್ನೇ ಬಯಸುವ
ಅಪ್ಪ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಅಂದು ತಾಯಿಯ ಕೈಹಿಡಿದು ನೀನೂ ಹೋಗಿದ್ದೆಯಂತೆ. ಗೊಂಬೆಯ ಕೊರಳಿಗೆ ಕಟ್ಟಲು ಮೊಳೆ ಹೊಡೆದು ಆ ತೂತು ಮಾಡಿದವಳು ನೀನೇ ಅಂತೆ. ಏಳು ವರ್ಷದ ಕೂಸು, ಕೆಲಸ ಮುಗಿಯುವ ತನಕ "ಅಪ್ಪಂಗೆ ಗೊತ್ತಾದ್ರೆ ನನ್ನನ್ನ ಮನೇಲಿ ಇಟ್ಕೋತಾರಾ?" ಎಂದು ಕೇಳುತ್ತಲೇ ಇದ್ದೆಯಂತೆ. ಆ ವರ್ಷದಿಂದ ನೀನು ನನ್ನ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ನಿನಗೆ ನಾಣ್ಯಗಳಲ್ಲಿ ಆಸಕ್ತಿಯಿಲ್ಲವೆಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಇಟ್ಟುಕೊಳ್ಳುತ್ತಿದ್ದೆ, ಮಗಳೇ. ಆದರೆ ಮೊದಲು ನಾಣ್ಯವನ್ನು ನೋಡಿ, ಆಮೇಲೆ ನಿನ್ನ ಮುಖ ನೋಡುತ್ತಿದ್ದೆ. ನಿನ್ನ ತಾಯಿ ಅದನ್ನು ಅರಿತಿದ್ದಳು.